ಪ್ರಯಾಣಕ್ಕೊಂದು ಪುಟ್ಟ ಬ್ಯಾಂಜೊ: ಮೊದಲ ಸಲ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಭಾರತದ ಯಾವುದಾದರೂ ಆನ್‌ಲೈನ್ ಅಂಗಡಿಯಲ್ಲಿ ‘ಬ್ಯಾಂಜೊ’ ಅಂತ ಟೈಪ್ ಮಾಡಿ ನೋಡಿ. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಟೈಪ್‌ರೈಟರ್ ತರಹದ ಗುಂಡಿಗಳು ಇರುವ ವಾದ್ಯ ಕಾಣಿಸಬಹುದು. ಅದು ಬುಲ್‌ಬುಲ್ ತರಂಗ್. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೊತೊ ನಮ್ಮ ಕಡೆ ಬಂದು ಹಾಗಾಯಿತು. ಮುಂಬಯಿಯ ಗಣಪತಿ ಮೆರವಣಿಗೆಯಲ್ಲಿ ‘ಬೆಂಜೊ’ ಅಂದರೆ ಅದೇ. ಒಳ್ಳೆಯ ವಾದ್ಯ, ಅನುಮಾನವಿಲ್ಲ. ಆದರೆ ನಾನು ಹೇಳಹೊರಟಿರುವುದು ಅದರ ಬಗ್ಗೆ ಅಲ್ಲ.

ಇದು ಅಮೆರಿಕದ ಬ್ಯಾಂಜೊ ಬಗ್ಗೆ. ದುಂಡನೆಯ ಮರದ ಬಳೆ, ಅದರ ಮೇಲೆ ತಮಟೆಯಂತೆ ಬಿಗಿದ ಹಾಳೆ, ಅದಕ್ಕೊಂದು ಉದ್ದ ಕತ್ತು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹಡಗು ಹತ್ತಿಸಿಕೊಂಡು ಬಂದ ಜನ ತಮ್ಮೂರಿನ ಬುರುಡೆ ವಾದ್ಯಗಳ ನೆನಪಿನಲ್ಲಿ ಕೆರಿಬಿಯನ್ ದ್ವೀಪಗಳಲ್ಲೂ ಅಮೆರಿಕದಲ್ಲೂ ಕಟ್ಟಿಕೊಂಡದ್ದು ಇದು. ಸೆನೆಗಲ್, ಗಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಅನ್ನುವ ವಾದ್ಯವನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಮನೆಯವರು ಅಂತ ಗೊತ್ತಾಗುತ್ತದೆ.

ನಾನು ಕೆಲಸದ ಮೇಲೆ ಕೆಲವು ವರ್ಷ ನಾರ್ತ್ ಕೆರೊಲಿನಾದ ರಾಲಿಯಲ್ಲಿದ್ದೆ. 2013ರಿಂದ ಅಲ್ಲಿ ವರ್ಷಕ್ಕೊಮ್ಮೆ ಬ್ಲೂಗ್ರಾಸ್ ಅನ್ನುವ ಅಮೆರಿಕದ ಜನಪದ ಶೈಲಿಯ ಸಂಗೀತದ ಹಬ್ಬ ನಡೆಯುತ್ತಿತ್ತು. ಊರಿನ ನಡುಬೀದಿಗೇ ಗಾಡಿ ಬಿಡುತ್ತಿರಲಿಲ್ಲ, ಮೂಲೆಮೂಲೆಯಲ್ಲಿ ಬ್ಯಾಂಜೊ. ನನಗೂ ಹುಚ್ಚು ಹಿಡಿಯಿತು. ತಿಂಗಳಿಗೆ ಎರಡು ಸಲ ವಿಮಾನ ಹತ್ತುವ ಕೆಲಸ ನನ್ನದು, ಹಾಗಾಗಿ ಚಿಕ್ಕದೇ ಬೇಕು ಅಂತ ‘ಟ್ರಾವೆಲ್ ಸೈಜ್’ ಅಂತ ಬರೆದಿದ್ದ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಅಳತೆ ಏನೆಂದು ಮಾರುವವರು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳು ತಂತಿಗಳು ಬಟ್ಟೆ ಒಣಗಿಸುವ ಹಗ್ಗದಂತೆ ಜೋಲುತ್ತಿದ್ದವು. ಶ್ರುತಿ ನಿಲ್ಲುತ್ತಿರಲಿಲ್ಲ. ನನ್ನ ಕಿವಿಯೇ ಸರಿಯಿಲ್ಲ ಅಂದುಕೊಂಡೆ. ತಪ್ಪು ಕಿವಿಯದಲ್ಲ, ಲೆಕ್ಕದ್ದು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಮೊದಲ ಹೆಜ್ಜೆ: ಎಷ್ಟು ತಂತಿ?

ಗಾತ್ರದ ಯೋಚನೆ ಆಮೇಲೆ. ಮೊದಲು ನಿಮ್ಮ ತಲೆಯಲ್ಲಿ ಕೇಳಿಸುತ್ತಿರುವ ಬ್ಯಾಂಜೊ ಯಾವುದು ಅಂತ ಗೊತ್ತುಮಾಡಿಕೊಳ್ಳಿ.

ಮಳೆ ಹನಿ ಒಂದರ ಹಿಂದೊಂದು ಬಿದ್ದಂತೆ ಸ್ವರಗಳು ಉದುರುವ ಆ ಸದ್ದು ಐದು ತಂತಿಯದು. ನಾರ್ತ್ ಕೆರೊಲಿನಾದ ಅರ್ಲ್ ಸ್ಕ್ರಗ್ಸ್ ಜನಪ್ರಿಯ ಮಾಡಿದ ಮೂರು ಬೆರಳಿನ ಶೈಲಿ ಇದರದ್ದೇ. ಉಗುರಿನಿಂದ ಕೆಳಮುಖವಾಗಿ ಬಡಿಯುವ ಕ್ಲಾಹ್ಯಾಮರ್ ಶೈಲಿಯೂ ಇದರದ್ದೇ. ಐದನೇ ತಂತಿ ಗಿಡ್ಡ. ಅದರ ಬಿರಡೆ ಕತ್ತಿನ ತುದಿಯಲ್ಲಿರುವುದಿಲ್ಲ, ಐದನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಪಕ್ಕದಲ್ಲಿ ಮೊಳೆಯ ಹಾಗೆ ಚಾಚಿಕೊಂಡಿರುತ್ತದೆ.

ಸಂಗೀತ ಕಲಿತವರಿಗೆ ಇದನ್ನು ಬೇಗ ಹೇಳಬಹುದು. ಸಾಮಾನ್ಯ ಶ್ರುತಿಯಲ್ಲಿ ನಾಲ್ಕನೇ ತಂತಿಯಿಂದ ಒಂದನೆಯದರವರೆಗೆ ಡಿ, ಜಿ, ಬಿ, ಡಿ. ಗಿಡ್ಡ ತಂತಿ ಮೇಲಿನ ಜಿ. ಜಿ ಅನ್ನು ಷಡ್ಜ ಅಂದುಕೊಂಡರೆ ಮಂದ್ರ ಪ, ಸ, ಅಂತರ ಗಾಂಧಾರ, ಪ, ತಾರ ಸ. ಯಾವ ತಂತಿಯನ್ನೂ ಒತ್ತದೆ ಸುಮ್ನೆ ಕೈಯಾಡಿಸಿದರೂ ಸ-ಗ-ಪ ಕೇಳುತ್ತದೆ. ಗಿಡ್ಡ ತಂತಿ ತಂಬೂರಿಯಂತೆ ಷಡ್ಜ ಹಿಡಿದಿರುತ್ತದೆ. ಹೊಸಬರಿಗೆ ಮೊದಲ ದಿನವೇ ಖುಷಿ ಕೊಡುವ ವಾದ್ಯ ಯಾಕೆ ಅಂದರೆ ಇದಕ್ಕೇ.

ನಾಲ್ಕು ತಂತಿಯ ಟೆನರ್ ಬ್ಯಾಂಜೊ ಐರಿಷ್ ಸಂಗೀತದವರದು. ಪಿಕ್ ಅಂದರೆ ಮೀಟುವ ಪುಟ್ಟ ಬಿಲ್ಲೆ ಹಿಡಿದು ನುಡಿಸುವುದು. ಇದರಲ್ಲಿ 17 ಫ್ರೆಟ್‌ನದು, 19 ಫ್ರೆಟ್‌ನದು ಅಂತ ಎರಡು ಬಗೆ. 17 ಫ್ರೆಟ್‌ನದು ಹುಟ್ಟಾ ಚಿಕ್ಕದು, ‘ಟ್ರಾವೆಲ್’ ಅನ್ನುವ ಹೆಸರೂ ಬೇಕಿಲ್ಲ. ಪಿಟೀಲು ಗೊತ್ತಿದ್ದವರಿಗೆ ಬೇಗ ಕೈ ಕೂಡುತ್ತದೆ, ಏಕೆಂದರೆ ಐರಿಷ್ ಶ್ರುತಿಯಾದ ಜಿ-ಡಿ-ಎ-ಇ ಪಾಶ್ಚಾತ್ಯ ಪಿಟೀಲಿನ ಶ್ರುತಿಯೇ, ಒಂದು ಸ್ಥಾಯಿ ಕೆಳಗೆ.

ಬ್ಯಾಂಜೊ ಯುಕುಲೆಲೆ ಎಲ್ಲಕ್ಕಿಂತ ಚಿಕ್ಕದು, ಸಾಮಾನ್ಯವಾಗಿ ಅಗ್ಗವೂ ಹೌದು. ಯುಕುಲೆಲೆ, ಅಂದರೆ ನಾಲ್ಕು ತಂತಿಯ ಪುಟ್ಟ ಗಿಟಾರಿನಂತಹ ವಾದ್ಯ, ಬರುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಆದರೆ ಅದರಲ್ಲಿ ಸ್ಕ್ರಗ್ಸ್ ಶೈಲಿ ಕಲಿಯುತ್ತೇನೆ ಅಂದರೆ ಆಗುವುದಿಲ್ಲ. ಇನ್ನು ಆರು ತಂತಿಯದು ಬ್ಯಾಂಜೊ ವೇಷದ ಗಿಟಾರ್. ಗಿಟಾರಿನವರಿಗೆ ಬಿಟ್ಟರೆ ಬೇರೆಯವರಿಗೆ ಬೇಡ.

ಇಲ್ಲಿಂದ ಮುಂದೆ ಹೆಚ್ಚಾಗಿ ಐದು ತಂತಿಯದರ ಬಗ್ಗೆಯೇ ಬರೆಯುತ್ತೇನೆ. ಎಡವುವುದು ಅಲ್ಲೇ ಜಾಸ್ತಿ.

ಎರಡನೇ ಹೆಜ್ಜೆ: ಚಿಕ್ಕದು ಅಂದರೆ ಎಲ್ಲಿ ಚಿಕ್ಕದು?

ಬ್ಯಾಂಜೊ ಮೂರು ಕಡೆ ಚಿಕ್ಕದಾಗಬಹುದು. ತೂಕದಲ್ಲಿ, ಬಳೆಯ ಅಗಲದಲ್ಲಿ, ತಂತಿಯ ಉದ್ದದಲ್ಲಿ. ಮಾರುವವರು ಮೂರನ್ನೂ ಸೇರಿಸಿ ‘ಮಿನಿ’ ಅಂದುಬಿಡುತ್ತಾರೆ. ನಾವು ಬಿಡಿಸಿ ಕೇಳಬೇಕು.

ತೂಕದ ವಿಷಯ ಸುಲಭ. ಕೆಲವು ಬ್ಯಾಂಜೊಗಳ ಹಿಂದೆ ಮರದ ತಟ್ಟೆಯಂತಹ ರೆಸೊನೇಟರ್ ಇರುತ್ತದೆ. ಸದ್ದನ್ನು ಮುಂದಕ್ಕೆ ತಳ್ಳುತ್ತದೆ, ತೂಕ ನಾಲ್ಕೈದು ಕೆ.ಜಿ.ಗೆ ಏರುತ್ತದೆ. ಹಿಂದೆ ಏನೂ ಇಲ್ಲದ್ದು ಓಪನ್ ಬ್ಯಾಕ್. ಹಗುರವಾದದ್ದಾದರೆ ಎರಡು, ಎರಡೂವರೆ ಕೆ.ಜಿ. ಪ್ರಯಾಣಕ್ಕೆ ಓಪನ್ ಬ್ಯಾಕ್ ಸಾಕು. ಇದರಲ್ಲಿ ಎರಡನೇ ಮಾತಿಲ್ಲ.

ಬಳೆಯ ಅಗಲ ದೊಡ್ಡ ಬ್ಯಾಂಜೊಗಳಲ್ಲಿ ಸಾಮಾನ್ಯವಾಗಿ 11 ಇಂಚು. ತೀರಾ ಪುಟ್ಟವುಗಳಲ್ಲಿ 8 ಇಂಚಿಗೂ ಇಳಿಯುತ್ತದೆ. ಆಗ ಸದ್ದಿನಲ್ಲಿ ತಳ ಕಮ್ಮಿ, ಕಿಣಿಕಿಣಿ ಜಾಸ್ತಿ. ಕೆಲವರಿಗೆ ಅದೇ ಇಷ್ಟ.

ಇನ್ನು ತಂತಿಯ ಉದ್ದ. ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊತ್ತ ಪಟ್ಟಿಯಾದ ನಟ್‌ನಿಂದ, ಹಾಳೆಯ ಮೇಲೆ ಅವನ್ನು ಹೊತ್ತು ನಿಂತ ಕುದುರೆಯವರೆಗಿನ, ತಂತಿ ನಿಜವಾಗಿ ಅದುರುವ ಉದ್ದ. ಅಂಗಡಿಯವರು ಇದನ್ನು ಸ್ಕೇಲ್ ಅನ್ನುತ್ತಾರೆ. ದೊಡ್ಡ ಐದು ತಂತಿಯ ಬ್ಯಾಂಜೊಗೆ ಸುಮಾರು 26¼ ಇಂಚು. ನಾನು ಮೋಸಹೋದದ್ದು ಇಲ್ಲೇ.

ಮೂರನೇ ಹೆಜ್ಜೆ: ಎರಡು ನಿಮಿಷದ ಲೆಕ್ಕ

ತಂತಿ ಅದೇ, ಸ್ವರವೂ ಅದೇ, ಉದ್ದ ಮಾತ್ರ ಕಮ್ಮಿ ಆದರೆ ಬಿಗಿತ ಉದ್ದದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 23½ ಇಂಚಿನ ಬ್ಯಾಂಜೊ ತೆಗೆದುಕೊಳ್ಳಿ. 23.5ನ್ನು 26.25ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 0.80. ಅಂದರೆ ಬಿಗಿತ ಐದರಲ್ಲಿ ಒಂದು ಭಾಗ ಹೋಯಿತು. ಪರವಾಗಿಲ್ಲ, ಒಂದು ಗೇಜ್ ದಪ್ಪದ ತಂತಿ ಹಾಕಿದರೆ ಸರಿಹೋಗುತ್ತದೆ. ಈಗ 19 ಇಂಚಿನದು ನೋಡಿ. 0.52. ಹತ್ತಿರ ಹತ್ತಿರ ಅರ್ಧ! ನನ್ನ ಮೊದಲ ಬ್ಯಾಂಜೊ ಇದೇ ಅಳತೆಯದು. ಅದಕ್ಕೆ ದೊಡ್ಡ ಬ್ಯಾಂಜೊದ ತೆಳು ತಂತಿ ಹಾಕಿ ಜಿ ಶ್ರುತಿಗೆ ಇಳಿಸಿದರೆ ಜೋಲದೆ ಇನ್ನೇನು ಮಾಡೀತು?

ಇದಕ್ಕೆ ದಾರಿ ಎರಡು. ಒಂದು, ಶ್ರುತಿ ಏರಿಸುವುದು. ದೊಡ್ಡ ಬ್ಯಾಂಜೊದ ಎರಡನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಉಳಿಯುವ ತಂತಿ ಸುಮಾರು 23.4 ಇಂಚು. ಅಂದರೆ 23½ ಇಂಚಿನದನ್ನು ಜಿ ಬದಲು ಎ ಶ್ರುತಿಗೆ ಏರಿಸಿದರೆ ಬಿಗಿತ ಹೆಚ್ಚುಕಮ್ಮಿ ದೊಡ್ಡದರಷ್ಟೇ ಆಗುತ್ತದೆ. ನಮ್ಮ ಭಾಷೆಯಲ್ಲಿ ಐದು ಮನೆಯಿಂದ ಆರು ಮನೆಗೆ. 19 ಇಂಚಿನದನ್ನು ಐದು ಫ್ರೆಟ್‌ನಷ್ಟು ಏರಿಸಿ ಸಿ ಶ್ರುತಿಯಲ್ಲಿ ಇಟ್ಟುಕೊಳ್ಳಬೇಕು. ಎರಡನೆಯದು, ದಪ್ಪ ತಂತಿ. 19 ಇಂಚಿನದನ್ನು ಜಿ ಶ್ರುತಿಯಲ್ಲೇ ನುಡಿಸಬೇಕಾದರೆ 10ರ ಜಾಗದಲ್ಲಿ ಸುಮಾರು 14ರ ತಂತಿ ಬೇಕಾಗುತ್ತದೆ. ಈ ಸಂಖ್ಯೆಗಳು ಗೇಜ್, ಅಂದರೆ ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ.

ಒಬ್ಬರೇ ನುಡಿಸುವುದಾದರೆ ಸಿ ಶ್ರುತಿಯಲ್ಲಿ ಏನೂ ತೊಂದರೆಯಿಲ್ಲ. ಆದರೆ ಹೊಸಬರು ಕಲಿಯುವುದು ವಿಡಿಯೊ ನೋಡಿ, ಅಲ್ವಾ? ಅಲ್ಲಿ ಕಲಿಸುವವರು ಸಾಮಾನ್ಯವಾಗಿ ಜಿ ಶ್ರುತಿಯಲ್ಲಿರುತ್ತಾರೆ. ಅವರ ಜೊತೆ ನುಡಿಸಿದರೆ ಎರಡೂ ಜಗಳವಾಡುತ್ತವೆ. ಶುರುವಿನಲ್ಲೇ ಈ ಗೊಂದಲ ಬೇಡ.

ಬೆರಳಿನ ಜಾಗವನ್ನೂ ನೋಡಿ. ನಟ್‌ನಿಂದ ಮೊದಲ ಫ್ರೆಟ್‌ಗೆ ದೊಡ್ಡದರಲ್ಲಿ ಸುಮಾರು 37 ಮಿ.ಮೀ. 23½ ಇಂಚಿನದರಲ್ಲಿ 33 ಚಿಲ್ಲರೆ. 19 ಇಂಚಿನದರಲ್ಲಿ 27. ಪುಟ್ಟ ಕೈಯವರಿಗೆ, ಮಕ್ಕಳಿಗೆ 33 ಹಿತವಾಗಿರುತ್ತದೆ. ನನ್ನಂತಹ ದಪ್ಪ ಬೆರಳಿನವರಿಗೆ 27ರಲ್ಲಿ ಮೇಲಿನ ಫ್ರೆಟ್‌ಗಳು ಇಕ್ಕಟ್ಟು.

ಇಷ್ಟೆಲ್ಲ ಆದಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೊದಲ ಬ್ಯಾಂಜೊ ಆದರೆ 23 ಇಂಚಿಗಿಂತ ಕೆಳಗೆ ಇಳಿಯಬೇಡಿ. ಕ್ಯಾಲಿಫೋರ್ನಿಯಾದ ಡೀರಿಂಗ್ ಕಂಪನಿಯ ಗುಡ್‌ಟೈಮ್ ಪಾರ್ಲರ್ ಈ ಬಗೆಯದು. 23½ ಇಂಚು, 19 ಫ್ರೆಟ್, ಹಿಂದೆ ತೆರೆದದ್ದು. ಫ್ಲೋರಿಡಾದ ಗೋಲ್ಡ್ ಟೋನ್ ಕಂಪನಿಯವರೂ ಪ್ರಯಾಣಕ್ಕೆಂದೇ ಗಿಡ್ಡ ಕತ್ತಿನವನ್ನು ಮಾಡುತ್ತಾರೆ. ಅವರದೇ ಪ್ಲಕ್ಕಿ ಇನ್ನೂ ಪುಟ್ಟದು. ಅದು ಎರಡನೇ ಬ್ಯಾಂಜೊ ಆಗಲಿ.

ನಾಲ್ಕನೇ ಹೆಜ್ಜೆ: ನಿಮ್ಮ ಪ್ರಯಾಣ ಯಾವುದು?

ದೊಡ್ಡ ಓಪನ್ ಬ್ಯಾಕ್ ಉದ್ದ 38 ಇಂಚಿನ ಆಸುಪಾಸು. ಪಾರ್ಲರ್ ತರಹದ್ದು ಅದಕ್ಕಿಂತ ಮೂರು ಇಂಚು ಮಾತ್ರ ಗಿಡ್ಡ. ಒಂದು ಗೇಣೂ ಇಲ್ಲ! ಹಾಗಾಗಿ ರೈಲಿನಲ್ಲಿ, ಕಾರಿನಲ್ಲಿ, ಬಸ್ಸಿನಲ್ಲಿ ಓಡಾಡುವವರು ಚಿಕ್ಕದಕ್ಕೆಂದು ಜಾಸ್ತಿ ದುಡ್ಡು ಕೊಡುವ ಅಗತ್ಯವೇ ಇಲ್ಲ. ಸ್ಲೀಪರ್ ಬರ್ತ್‌ನಲ್ಲಿ ತಲೆಯ ಪಕ್ಕ ಮಲಗಿಸಿಕೊಂಡರೆ ದೊಡ್ಡದೂ ಹಿಡಿಸುತ್ತದೆ. ಹಗುರವಾದ ಸಾಮಾನ್ಯ ಓಪನ್ ಬ್ಯಾಕ್ ತೆಗೆದುಕೊಂಡು ಉಳಿದ ದುಡ್ಡಿನಲ್ಲಿ ಒಳ್ಳೆಯ ಚೀಲ ಕೊಳ್ಳಿ.

ವಿಮಾನದ ವಿಷಯ ಬೇರೆ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 55×35×25 ಸೆಂ.ಮೀ., 7 ಕೆ.ಜಿ. ಮಿತಿ. 55 ಸೆಂ.ಮೀ. ಅಂದರೆ 22 ಇಂಚೂ ಇಲ್ಲ. ಕಾಗದದ ಪ್ರಕಾರ ಹೋದರೆ ಪಾರ್ಲರ್ ಕೂಡ ಪಾಸಾಗುವುದಿಲ್ಲ. ಬುಕ್ ಮಾಡುವಾಗಲೇ ವಾದ್ಯದ ನಿಯಮ ಕೇಳಿಟ್ಟುಕೊಳ್ಳಿ. ಅಮೆರಿಕದಲ್ಲಿರುವವರಿಗೆ ಸ್ವಲ್ಪ ಆರಾಮ. ಗಿಟಾರ್, ಪಿಟೀಲಿನಂತಹ ಸಣ್ಣ ವಾದ್ಯಗಳನ್ನು, ಹತ್ತುವಾಗ ಜಾಗವಿದ್ದರೆ, ಒಳಗೆ ಬಿಡಬೇಕು ಅನ್ನುವ ನಿಯಮ 2015ರಲ್ಲಿ ಅಲ್ಲಿ ಜಾರಿಗೆ ಬಂತು. ‘ಜಾಗವಿದ್ದರೆ’ ಅನ್ನುವುದನ್ನು ಮರೆಯಬೇಡಿ. ಕೊನೆಗೆ ಹತ್ತುವವರಿಗೆ ಜಾಗವಿರುವುದಿಲ್ಲ.

ಇನ್ನೊಂದು ಉಪಾಯವಿದೆ. ಸಾಮಾನ್ಯವಾಗಿ ಬ್ಯಾಂಜೊ ಕತ್ತನ್ನು ಅಂಟಿಸಿರುವುದಿಲ್ಲ. ಬಳೆಯೊಳಗಿನ ಸರಳು ಮತ್ತು ನಟ್ಟುಗಳಿಂದ ಹಿಡಿದು ನಿಲ್ಲಿಸಿರುತ್ತಾರೆ. ಬಿಚ್ಚಿ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಒಯ್ಯುವವರಿದ್ದಾರೆ. ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ ಇದು ಸರಿ. ಪ್ರತಿ ವಾರ ಬಿಚ್ಚಿ ಜೋಡಿಸುವುದು ಹೊಸಬರ ಕೆಲಸವಲ್ಲ.

ಐದನೇ ಹೆಜ್ಜೆ: ಕೈಯಲ್ಲಿ ಹಿಡಿದು ನೋಡುವುದು

ಅಗ್ಗದ ಬ್ಯಾಂಜೊ ಕೆಡುವುದು ಎಲ್ಲೆಲ್ಲಿ ಅಂತ ಗೊತ್ತಿದ್ದರೆ ಅರ್ಧ ಗೆದ್ದಂತೆ. ಅಂಗಡಿಯಲ್ಲಾದರೆ ಕೈಯಲ್ಲಿ, ದೂರದಿಂದಾದರೆ ವಿಡಿಯೊ ಕಾಲ್‌ನಲ್ಲಿ ನೋಡಿ.

ಮೊದಲು ಐದನೇ ಬಿರಡೆ. ಇದರೊಳಗೆ ಹಲ್ಲುಚಕ್ರ ಇದೆಯೋ, ಬರೀ ಉಜ್ಜಾಟದ ಮೇಲೆ ನಿಲ್ಲುವುದೋ ಕೇಳಿ. ಅಗ್ಗದವುಗಳಲ್ಲಿ ಎಷ್ಟೋ ಸಲ ಉಜ್ಜಾಟದ್ದು. ಕೂದಲೆಳೆ ತಿರುಗಿಸಿದರೆ ಶ್ರುತಿ ಹಾರುತ್ತದೆ, ಕೈಬಿಟ್ಟರೆ ಜಾರುತ್ತದೆ. ಗೇರ್ ಇರುವುದನ್ನೇ ಕೇಳಿ. ಇಲ್ಲದಿದ್ದರೆ ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಆಮೇಲೆ 12ನೇ ಫ್ರೆಟ್‌ನಲ್ಲಿ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. 3 ಮಿ.ಮೀ. ಸುತ್ತಮುತ್ತ ಇದ್ದರೆ ಚೆನ್ನ. 5 ಇದ್ದರೆ ಬೆರಳು ಅಳುತ್ತದೆ. ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡಿದ ಹಾಗೆ, ಕತ್ತಿನ ಉದ್ದಕ್ಕೂ ನೋಡಿ. ತಿರುಚಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಹೆಡ್ ಅಂದರೆ ಬಳೆಯ ಮೇಲಿನ ಹಾಳೆ, ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಮೃದಂಗ, ತಬಲಾದವರಿಗೆ ಮಳೆಗಾಲದಲ್ಲಿ ಚರ್ಮ ಏನು ಮಾಡುತ್ತದೆ ಅಂತ ಗೊತ್ತು. ಕರುವಿನ ಚರ್ಮದ ಹೆಡ್ ಇಂದೂ ಸಿಗುತ್ತದೆ, ಮಲೆನಾಡಿನಲ್ಲೋ ಮಂಗಳೂರಿನಲ್ಲೋ ಇರುವವರು ಆ ಆಸೆ ಬಿಡಿ. ಹೆಡ್ ಸುತ್ತ ಇರುವ ಕೊಕ್ಕೆಗಳನ್ನು ಎಣಿಸಿ. ಜಾಸ್ತಿ ಇದ್ದಷ್ಟೂ ಸಮವಾಗಿ ಬಿಗಿಯುವುದು ಸುಲಭ. ಅಗ್ಗದ ಆಟಿಕೆಗಳಲ್ಲಿ ಆರೋ ಎಂಟೋ ಇರುತ್ತವೆ.

ಆರನೇ ಹೆಜ್ಜೆ: ಮನೆಗೆ ಬಂದ ಮೇಲೆ

ಪೆಟ್ಟಿಗೆ ಬಿಚ್ಚಿದಾಗ ಕುದುರೆ ಬಿದ್ದಿದ್ದರೆ ಗಾಬರಿ ಬೇಡ. ನನಗೆ ಅದು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯಾಗಿ ಬಂದಿತ್ತು. ಮುರಿದು ಬಂದಿದೆ ಅಂತ ಫೆವಿಕಾಲ್ ಡಬ್ಬಿ ತೆಗೆದಿಟ್ಟಿದ್ದೆ! ಪಕ್ಕದ ಮನೆಯವರು ನೋಡಿ ತಡೆದರು. ಪಿಟೀಲಿನಂತೆ ಬ್ಯಾಂಜೊ ಕುದುರೆಯನ್ನೂ ಅಂಟಿಸುವುದಿಲ್ಲ, ತಂತಿಯ ಒತ್ತಡದಲ್ಲೇ ನಿಲ್ಲುತ್ತದೆ. ಆದ್ದರಿಂದಲೇ ಒಟ್ಟಿಗೆ ಎಲ್ಲ ತಂತಿ ಬಿಚ್ಚಬಾರದು. ಬದಲಾಯಿಸುವಾಗ ಒಂದೊಂದೇ.

ಕುದುರೆ ನಿಲ್ಲಿಸುವುದು ಹೀಗೆ. ನಟ್‌ನಿಂದ 12ನೇ ಫ್ರೆಟ್‌ಗೆ ಟೇಪ್ ಹಿಡಿಯಿರಿ. ಅಲ್ಲಿಂದ ಅಷ್ಟೇ ದೂರದಲ್ಲಿ ಕುದುರೆ ಇಡಿ. 23½ ಇಂಚಿನದಾದರೆ 11¾. ಶ್ರುತಿ ಮಾಡಿ. ಈಗ ಮೊದಲ ತಂತಿಯನ್ನು 12ನೇ ಫ್ರೆಟ್‌ನ ಲೋಹದ ಮೇಲೆ, ಒತ್ತದೆ, ಮುಟ್ಟಿಯೂ ಮುಟ್ಟದಂತೆ ಬೆರಳಿಟ್ಟು ಮೀಟಿ. ಗಂಟೆಯಂತಹ ಸ್ವರ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಿ. ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಕುದುರೆಯನ್ನು ಕತ್ತಿನಿಂದ ಆಚೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಒಂದೆಳ್ಳು ಕಾಳಿನಷ್ಟು ಸರಿಸಿ. ಸರಿಸುವಾಗ ತಂತಿ ಸ್ವಲ್ಪ ಸಡಿಲಿಸಿ. ದಪ್ಪ ತಂತಿಯ ಕಡೆ ಕುದುರೆ ಕೊಂಚ ಹಿಂದೆ ಸರಿದಿದ್ದರೆ ತಪ್ಪಲ್ಲ. ಸರಿಯಾದ ಜಾಗ ಸಿಕ್ಕಾಗ ಅದರ ಪಾದದ ಪಕ್ಕ ಪೆನ್ಸಿಲ್ ಗುರುತು ಹಾಕಿಬಿಡಿ. ಪ್ರಯಾಣದಲ್ಲಿ ಕುದುರೆ ಸರಿದೇ ಸರಿಯುತ್ತದೆ. ಗುರುತಿದ್ದರೆ ಅರ್ಧ ನಿಮಿಷದ ಕೆಲಸ.

ಹೆಡ್ ಬಿಗಿತಕ್ಕೆ ಸ್ಟೀಲ್ ಸ್ಕೇಲ್ ಒಂದು ಸಾಕು. ಕುದುರೆಯ ಪಕ್ಕದಲ್ಲಿ ಹೆಡ್ ಮೇಲೆ ಅಡ್ಡಲಾಗಿ ಇಡಿ. ಕುದುರೆ ಒತ್ತಿದ ಕಡೆ ಹೆಡ್ ಸ್ವಲ್ಪ ತಗ್ಗಿರುತ್ತದೆ. ಆ ಸಂದಿನಲ್ಲಿ ಅಮೆರಿಕದ ಕ್ವಾರ್ಟರ್ ನಾಣ್ಯ, ದಪ್ಪ 1.75 ಮಿ.ಮೀ., ಬಿಗಿಯಾಗಿ ನುಸುಳಿದರೆ ಸರಿ. ಸಲೀಸಾಗಿ ಓಡಾಡಿದರೆ ಸಡಿಲ. ಬಿಗಿಯುವುದಾದರೆ ಕಾರಿನ ಚಕ್ರದ ನಟ್ಟಿನಂತೆ ಎದುರುಬದುರು, ಒಂದೊಂದಕ್ಕೂ ಸುತ್ತಿನ ಎಂಟನೇ ಒಂದು ಭಾಗ. ಅವಸರ ಮಾಡಿದರೆ ಹೆಡ್ ಹರಿಯುತ್ತದೆ.

ಏಳನೇ ಹೆಜ್ಜೆ: ದುಡ್ಡು

ಅಮೆರಿಕದಲ್ಲಿ ಚೀನಾದಲ್ಲಿ ಮಾಡಿದ ಹೊಸಬರ ಓಪನ್ ಬ್ಯಾಕ್‌ಗಳು 150ರಿಂದ 250 ಡಾಲರ್ ಆಸುಪಾಸಿಗೆ ಸಿಗುತ್ತವೆ. ಅಮೆರಿಕದಲ್ಲೇ ಮಾಡಿದ ಗುಡ್‌ಟೈಮ್ ತರಹದ್ದು ಅದಕ್ಕಿಂತ ಎಷ್ಟೋ ದುಬಾರಿ. ನನ್ನ ಸಲಹೆ, ಇರುವ ದುಡ್ಡಿನಲ್ಲಿ ಐದರಲ್ಲಿ ಒಂದು ಭಾಗ ಎತ್ತಿಡಿ. ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್, ಎರಡು ಸೆಟ್ ತಂತಿ, ದಪ್ಪ ಸ್ಪಂಜಿನ ಚೀಲ, ಬೆರಳಿಗೆ ಹಾಕುವ ಎರಡು ಲೋಹದ ಪಿಕ್, ಹೆಬ್ಬೆರಳಿಗೆ ಒಂದು ಪ್ಲಾಸ್ಟಿಕ್ ಪಿಕ್. ಇಷ್ಟಕ್ಕೆ ಅದು ಬೇಕು.

ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಶೋಕಿಗೆ ಕೊಂಡು ಮೂರು ತಿಂಗಳಿಗೆ ಅಟ್ಟಕ್ಕೆ ಹಾಕಿದವರು ಊರಿಗೊಬ್ಬರಿರುತ್ತಾರೆ. ಹೊರದೇಶದಿಂದ ಬೆಂಗಳೂರಿಗೆ ಪಾರ್ಸೆಲ್ ತರಿಸುವವರು ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಸಾಗಣೆ ಮೂರನ್ನೂ ಸೇರಿಸಿ ಆಮೇಲೆ ‘ಅಗ್ಗ’ ಅನ್ನಿ. ಊರಿಗೆ ಬರುವ ನೆಂಟರ ಕೈಲಿ ತರಿಸುವುದು ಹಳೆಯ ಉಪಾಯ. ಅವರ ಲಗೇಜಿನಲ್ಲಿ ಜಾಗ ಕೇಳುವಾಗ ಪಾರ್ಲರ್‌ನ ಆ ಮೂರು ಇಂಚು ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ತಂತಿಯ ಬಗ್ಗೆ ಒಂದು ಮಾತು. ಬ್ಯಾಂಜೊ ತಂತಿಯ ತುದಿಯಲ್ಲಿ ಸಾಮಾನ್ಯವಾಗಿ ಕುಣಿಕೆ ಇರುತ್ತದೆ. ಗಿಟಾರ್ ತಂತಿಯ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಗುಂಡು. ಸಣ್ಣ ಊರಿನಲ್ಲಿ ತಂತಿ ಕಡಿದರೆ ಗಿಟಾರ್ ಅಂಗಡಿಗೆ ಹೋಗಿ ಬಿಡಿ ತಂತಿ ತನ್ನಿ. ಒಂದು ಮತ್ತು ಐದಕ್ಕೆ 10, ಎರಡಕ್ಕೆ 12, ಮೂರಕ್ಕೆ 13, ನಾಲ್ಕಕ್ಕೆ ಸುತ್ತಿದ 20. ಪಾರ್ಲರ್ ಆದರೆ ಒಂದೊಂದು ಗೇಜ್ ಏರಿಸಿ. ಗುಂಡನ್ನು ಇಕ್ಕಳದಲ್ಲಿ ಹಿಂಡಿ ತೆಗೆದರೆ ಉಳಿಯುವುದು ಕುಣಿಕೆಯೇ. ಬ್ಯಾಂಜೊ ಯುಕುಲೆಲೆಗೆ ಮಾತ್ರ ಈ ಉಕ್ಕಿನ ತಂತಿ ಹಾಕಬೇಡಿ, ಅದರದು ನೈಲಾನ್.

ಕೇಪೊ ಈಗಲೇ ಬೇಡ. ಅದು ನಾಲ್ಕು ತಂತಿಗಳನ್ನಷ್ಟೇ ಏರಿಸುತ್ತದೆ, ಐದನೆಯದು ಹೊರಗೇ ಉಳಿಯುತ್ತದೆ. ಅದನ್ನು ಏರಿಸಲು ಹಳಬರು ಆಟಿಕೆ ರೈಲಿನ ಹಳಿಗೆ ಹೊಡೆಯುವ ಚಿಕ್ಕ ಮೊಳೆಗಳನ್ನು ಏಳನೇ, ಒಂಬತ್ತನೇ ಫ್ರೆಟ್ ಹತ್ತಿರ ಹೊಡೆದು ತಂತಿಯನ್ನು ಅದರಡಿ ಸಿಕ್ಕಿಸುತ್ತಾರೆ. ತಮಾಷೆಯಲ್ಲ, ಇಂದಿಗೂ ಇದೇ ಪದ್ಧತಿ. ಹೊಸ ವಾದ್ಯಕ್ಕೆ ನೀವೇ ಮೊಳೆ ಹೊಡೆಯಲು ಹೋಗಬೇಡಿ, ಸೀಳು ಬಿಡುತ್ತದೆ.

ಕೊನೆಯದಾಗಿ ಸದ್ದು. ಬ್ಯಾಂಜೊ ಚಿಕ್ಕದಾದರೂ ಬಾಯಿ ಜೋರು. ಪಿಜಿಯಲ್ಲಿ, ಹೋಟೆಲ್ ಕೋಣೆಯಲ್ಲಿ ರಾತ್ರಿ ಅಭ್ಯಾಸ ಮಾಡುವುದಿದ್ದರೆ ಹಿಂದಿನಿಂದ ಕೈಹಾಕಿ ಹೆಡ್ ಮತ್ತು ಸರಳಿನ ನಡುವೆ ಕೈವಸ್ತ್ರವನ್ನೋ ಒಗೆದ ಕಾಲುಚೀಲವನ್ನೋ ತುರುಕಿ. ಹೆಡ್ಡಿಗೆ ತಾಗುವಷ್ಟು ಸಾಕು, ಉಬ್ಬುವಷ್ಟು ಬೇಡ. ಅದನ್ನು ಅಲ್ಲೇ ಬಿಟ್ಟರೂ ನಡೆಯುತ್ತದೆ. ನನ್ನದರಲ್ಲಿ ನಾಲ್ಕು ವರ್ಷದಿಂದ ಒಂಟಿ ಕಾಲುಚೀಲ ಕೂತಿದೆ.